ಬೆಕ್ಕಿನ ಕಿವಿಗೊಂದು ದೀಪ

ಬಾಳಗಡಿ, ಕೊಪ್ಪ
೧೪ ಜುಲೈ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಶಾಂಭವೀ,

ಅತ್ತೆಯ ಸೊಂಟ ಹೇಗಿದೆ? ವಾಕರ್ ಹಿಡಿದು ಜಗುಲಿಯವರೆಗೆ ಬಂದರು ಎಂದು ಮೊನ್ನೆ ನೀನು ಹೇಳಿದಾಗ ಸಮಾಧಾನವಾಯಿತು. ಬಚ್ಚಲಿಗೆ ಮಾತ್ರ ಒಬ್ಬರನ್ನೇ ಬಿಡಬೇಡ. ಬಿದ್ದದ್ದು ಅಲ್ಲೇ, ಅವರ ಹಟವೂ ನಿನಗೆ ಗೊತ್ತಿದ್ದದ್ದೇ. ಅವರ ಕಾಲು ನೀವುವ ಭರದಲ್ಲಿ ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆತಿರುತ್ತೀಯ. ನಾನು ಚೆನ್ನಾಗಿದ್ದೇನೆ. ಅನ್ನಕ್ಕೆ ನೀರೆಷ್ಟು ಎಂಬುದನ್ನು ಈ ಮೂರು ವಾರದಲ್ಲಿ ಕಲಿತೆ, ಸಾರಿಗೆ ಉಪ್ಪೆಷ್ಟು ಎಂಬುದು ಇನ್ನೂ ಕೈಗೆ ಬಂದಿಲ್ಲ. ಪಕ್ಕದ ಮನೆ ಶೇಷಮ್ಮನವರು ಪತ್ರೊಡೆ ತಂದುಕೊಟ್ಟು, "ಎಂತ ಮಾರಾಯ್ರೆ, ಇಷ್ಟು ಇಳ್ದು ಹೋಗಿದೀರಿ" ಎಂದರು. ನಿನ್ನ ಅಡುಗೆ ಇಲ್ಲದ್ದಕ್ಕೆ ಎಂದು ಹೇಳಿದೆ. ಅರ್ಧ ನಿಜ.

ಫೋನಿರುವಾಗ ಇವರದ್ದು ಕಾಗದ ಯಾಕೆ ಎಂದು ನಿನಗೆ ಆಗಲೇ ಅನುಮಾನ ಬಂದಿರಬೇಕು. ಅತ್ತೆಯ ಔಷಧದ ಜೊತೆ ಇದನ್ನೂ ಕಂಡಕ್ಟರ್ ಮಂಜಯ್ಯನ ಕೈಗೆ ಕೊಟ್ಟು ನಿನ್ನ ತವರಿಗೆ, ಕಡಹಿನಬೈಲಿಗೆ ಕಳಿಸುತ್ತೇನೆ. ದಿನಾ ಫೋನಿಡುವ ಮೊದಲು ನೀನು ಕೇಳುವ ಕೊನೆಯ ಮಾತು ಒಂದೇ, "ಬೆಕ್ಕಿನ ಕಿವಿ ಹ್ಯಾಂಗಿದೆ?" ನಾನು "ಇದೆ" ಅನ್ನುತ್ತೇನೆ. ಹನ್ನೆರಡು ದಿನದಿಂದ ಆ "ಇದೆ" ಸುಳ್ಳು. ಗಿಡ ಸುಟ್ಟುಹೋಗಿದೆ ಶಾಂಭವಿ. ಸುಟ್ಟವನು ನಾನೇ. ಹೇಗೆಂದು ಬಾಯಲ್ಲಿ ಹೇಳುವ ಧೈರ್ಯ ಇಲ್ಲದ್ದಕ್ಕೆ ಬರೆಯಲು ಕೂತಿದ್ದೇನೆ. ಪೂರ್ತಿ ಓದಿದ ಮೇಲೆ ಬೈ.

ಆ ಗಿಡ ನಮ್ಮ ಮನೆಗೆ ಬಂದದ್ದು ಒಂದೇ ಒಂದು ಎಲೆಯಾಗಿ. ನಿಶ್ಚಿತಾ ಕಾಲೇಜಿನಿಂದ ಬಸರೀಕಟ್ಟೆಯ ಗೆಳತಿಯ ಮನೆಗೆ ಹೋದವಳು ಒದ್ದೆ ಕರ್ಚೀಫಿನಲ್ಲಿ ಎಲೆ ಸುತ್ತಿಕೊಂಡು ಬಂದಿದ್ದಳು. ಆಫ್ರಿಕನ್ ವಾಯ್ಲೆಟ್ ಅಂತೆ ಅದರ ಹೆಸರು. ಅವಳು ಮಾತ್ರ ನನ್ನ ಬೆರಳನ್ನು ಹಿಡಿದು ಎಲೆಯ ಮೇಲೆ ಆಡಿಸಿ, "ಅಪ್ಪ, ನೋಡು, ಬೆಕ್ಕಿನ ಕಿವಿ" ಎಂದಳು. ಅದೇ ಹೆಸರು ನಿಂತಿತು. ತನ್ನ ಓದುವ ಮೇಜಿನ ಮೇಲೆ, ಕಿಟಕಿಯ ಹತ್ತಿರ ನೆಟ್ಟಳು. ಅದು ನಾಲ್ಕು ಎಲೆ ಬಿಡುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಆರು ದಿನ. ಅಷ್ಟೇ. ಈ ಆಷಾಢಕ್ಕೆ ಎರಡು ವರ್ಷ. ಅವಳ ಪುಸ್ತಕ ಬಟ್ಟೆಗಳನ್ನೆಲ್ಲ ನಿನ್ನ ತಮ್ಮ ಕಟ್ಟಿ ಅಟ್ಟಕ್ಕೆ ಹಾಕಿದ, ಗಿಡವನ್ನು ಮಾತ್ರ ನೀನು ಮುಟ್ಟಗೊಡಲಿಲ್ಲ. ನಾನು ಆ ಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟೆ. ನೀನು ಒಳಗೆ, ನಾನು ಹೊರಗೆ, ಎರಡು ವರ್ಷ ಹೀಗೇ ಸಂಸಾರ ಮಾಡಿದೆವು.

ಮರುವರ್ಷ ಪಕ್ಕದಲ್ಲಿ ಕಾಂಪ್ಲೆಕ್ಸ್ ಎದ್ದು ಆ ಕಿಟಕಿಗೆ ಗೋಡೆ ಅಡ್ಡ ಬಂತಲ್ಲ, ಕುಂಡವನ್ನು ಜಗುಲಿಗೆ ಇಡೋಣ ಎಂದೆ. "ಅವಳ ಮೇಜಿನ ಮೇಲಿಂದ ಅದು ಏಳುಕಿಲ್ಲ" ಎಂದೆ ನೀನು. ಸರಿ, ಬೆಳಕನ್ನೇ ಒಳಗೆ ತರೋಣ ಎಂದು ಹೊರಟವನು ನಾನು. ಇಪ್ಪತ್ತೈದು ವರ್ಷ ಬಸ್‌ ಸ್ಟ್ಯಾಂಡಿನಲ್ಲಿ ಮಿಕ್ಸಿ, ಫ್ಯಾನು, ಟ್ಯೂಬ್‌ಲೈಟು ರಿಪೇರಿ ಮಾಡಿದವನಿಗೆ ಒಂದು ಗಿಡದ ಬಲ್ಬು ಯಾವ ಲೆಕ್ಕ ಎಂಬ ಜಂಬ ಬೇರೆ. ಮೊದಲು ತಂದದ್ದು ಆ ಕೆಂಪು-ನೀಲಿ ಬಲ್ಬು. ಬಾಗಿಲ ಸಂದಿಯಿಂದ ನೇರಳೆ ಬೆಳಕು ಹೊರಗೆ ಚೆಲ್ಲಿ, ಶೇಷಮ್ಮನವರು "ಎಂತ, ಒಳಗೆ ಬಾರ್ ಇಟ್ಟಿದೀರಾ?" ಎಂದು ಕೇಳಿದ್ದರು. ಎಷ್ಟೋ ತಿಂಗಳ ಮೇಲೆ ನೀನು ಅವತ್ತು ಬಾಯಿಗೆ ಸೆರಗು ಹಿಡಿದು ನಕ್ಕೆ. ಆದರೆ ಆ ಬೆಳಕಿನಲ್ಲಿ ನಿನಗೆ ತಲೆನೋವು, ಎಲೆ ಹಸಿರಿದೆಯೋ ಹಳದಿಯಾಗಿದೆಯೋ ತಿಳಿಯುವಂತಿರಲಿಲ್ಲ.

ಆಮೇಲೆ ನಿಶ್ಚಿತಾಳ ಗೆಳತಿ ಕಾವ್ಯ ಬಂದು ಪಾಠ ಮಾಡಿದಳಲ್ಲ. ಎಂಎಸ್ಸಿ ಓದುವ ಹುಡುಗಿ, ಚೆನ್ನಾಗಿಯೇ ಹೇಳಿದ್ದಳು. ಬಿಸಿಲಿನ ಹಾಗೆ ಎಲ್ಲ ಬಣ್ಣ ಇರುವ ಬಿಳಿ ಬೆಳಕು ಸಾಕು. ಡಬ್ಬದ ಮೇಲೆ ಎಷ್ಟು ವ್ಯಾಟ್ ಬರೆದಿದೆ ಎಂದು ನೋಡಬೇಡಿ, ಎಲೆಯ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ನೋಡಿ. ಈ ಗಿಡ ಕಾಡಿನ ನೆರಳಿನದು, ಇದಕ್ಕೆ ಸಣ್ಣ ಲ್ಯಾಂಪೇ ಸರಿ, ಅದೂ ಒಂದೂವರೆ ಅಡಿ ಮೇಲೆ. ಹನ್ನೆರಡು ಗಂಟೆ ಬೆಳಕು, ಮಿಕ್ಕ ಹೊತ್ತು ಕತ್ತಲು. ಕತ್ತಲೂ ಅದಕ್ಕೆ ಊಟವೇ. ನಾನು ತಲೆ ಅಲ್ಲಾಡಿಸಿದೆ. ಅಲ್ಲಾಡಿಸಿ ತರಿಸಿದ್ದು ಮಾತ್ರ ಹಪ್ಪಳದ ಮಣೆಯಷ್ಟು ದೊಡ್ಡ ಪ್ಯಾನೆಲ್. ಬೆಳಕು ಹೆಚ್ಚು ಕಡಿಮೆ ಮಾಡಲು ನಾಬ್ ಇದೆಯಲ್ಲ, ಕಮ್ಮಿಯಲ್ಲಿ ಇಟ್ಟುಕೊಂಡರಾಯಿತು ಎಂದೆ. ಮಗಳ ಗಿಡಕ್ಕೆ ಸಣ್ಣದು ತರಲು ಮನಸ್ಸು ಬರಲಿಲ್ಲ ಮಾರಾಯ್ತಿ, ಅಷ್ಟೇ ವಿಷಯ. ನಡುಮನೆಯಲ್ಲಿ ಜೋಡಿಸಿ ಹೊಸ್ತಿಲಲ್ಲೇ ನಿನ್ನ ಕೈಗೆ ಕೊಟ್ಟೆ. ನಾನು ಹಾಕಿದ ಟೈಮರ್ ನಮ್ಮೂರಿನ ಕರೆಂಟಿಗೆ ಬಾಳಲಿಲ್ಲ. ಕರೆಂಟು ಹೋದಷ್ಟು ಹೊತ್ತು ತಾನೂ ನಿಂತು, ಬೆಳಗನ್ನು ಮಧ್ಯಾಹ್ನ ಮಾಡುತ್ತಿತ್ತು. ಅದನ್ನು ಕಿತ್ತ ಮೇಲೆ ಬೆಳಿಗ್ಗೆ ಆರಕ್ಕೆ ಹಚ್ಚುವುದನ್ನೂ ಸಂಜೆ ಆರರ ಕೆಲಸವನ್ನೂ ನೀನೇ ನೋಡಿಕೊಳ್ಳುತ್ತಿದ್ದೆ. ನಾನು ಅಂಗಡಿಯಿಂದ ಬರುವಾಗ ಎಂಟು. ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಬೆಳಕಿದೆಯೋ ಕತ್ತಲಿದೆಯೋ ನಾನು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಅತ್ತೆ ಬಿದ್ದ ಸುದ್ದಿ ಬಂದು ನೀನು ಜೀಪು ಹತ್ತುವಾಗ ಹೇಳಿದ್ದು ನೆನಪಿದೆಯಾ? "ಬೆಳಿಗ್ಗೆ ಆರಕ್ಕೆ ಹಚ್ಚಿ, ಸಂಜೆ ಆರಕ್ಕೆ ದೀಪ ದೊಡ್ಡದು ಮಾಡಿ. ಒಳಗೆ ಹೋಗ್ಬೇಕು ನೀವು. ಹೋಗ್ತೀರಲ?" ಹೋಗುತ್ತೇನೆ ಎಂದೆ. ಹೋದೆ ಕೂಡ. ಮೊದಲ ದಿನ ಹೊಸ್ತಿಲ ಮೇಲೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಅವಳ ಕುರ್ಚಿಯ ಬೆನ್ನಿಗೆ ಕೂದಲಿನ ರಬ್ಬರ್ ಬ್ಯಾಂಡ್ ಇನ್ನೂ ಇತ್ತು. ನೀನು ದಿನಾ ನೋಡುತ್ತಿದ್ದದ್ದು ಇದನ್ನೇ ಅಲ್ಲವೇ, ಒಬ್ಬಳೇ. ಸಂಜೆ ಆರಕ್ಕೆ ಅಂಗಡಿ ಬಿಟ್ಟು ಓಡಿಬಂದು, ನೀನು ಹೇಳಿದ ಹಾಗೇ, ದೀಪ ದೊಡ್ಡದು ಮಾಡಿದೆ. ನಾಬನ್ನು ಕೊನೆಯವರೆಗೂ ತಿರುಗಿಸಿದೆ. ಮಳೆಗಾಲದ ಮೋಡ, ರಾತ್ರಿಗೆ ಹೆಚ್ಚು ಬೆಳಕು ಬೇಕೇನೋ ಎಂದುಕೊಂಡೆ. ಕಾವ್ಯಳ ಕತ್ತಲಿನ ಪಾಠ ನೆನಪಿಗೇ ಬರಲಿಲ್ಲ. ಬೆಳಿಗ್ಗೆ ಹಚ್ಚಲು ಹೋದರೆ ಹಚ್ಚಿಯೇ ಇತ್ತು. ನಾಬ್ ಇಳಿಸಿ ಬಂದೆ. ಹೀಗೇ ಒಂಬತ್ತು ದಿನ.

ನೀನು ಈಗ ಹಣೆ ಚಚ್ಚಿಕೊಳ್ಳುತ್ತಿರುತ್ತೀಯ. ನಿಮ್ಮ ಕಡೆಯ ಆ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ಬಯಲುಸೀಮೆಯ ನಮ್ಮಲ್ಲಿ ದೀಪ ಶಾಂತ ಮಾಡು ಅನ್ನುತ್ತೇವೆ. ಮದುವೆಯಾದ ಹೊಸತರಲ್ಲಿ ಕಡಹಿನಬೈಲಿನಲ್ಲಿ ಅತ್ತೆ, "ಅಳಿಯಂದ್ರೆ, ದೇವರ ದೀಪ ದೊಡ್ಡದು ಮಾಡಿ" ಎಂದಾಗ ನಾನು ಬತ್ತಿ ಎಳೆದು, ಇನ್ನಷ್ಟು ಎಣ್ಣೆ ಸುರಿದು, ಭುಗಿಲ್ಲೆಂದು ಉರಿಸಿಬಿಟ್ಟಿದ್ದೆ. ಇಡೀ ಮನೆ ಬಿದ್ದು ಬಿದ್ದು ನಕ್ಕಿತ್ತು. ದೀಪಕ್ಕೆ ಆರಿಸು ಎನ್ನಬಾರದು, ಅದಕ್ಕೇ ದೊಡ್ಡದು ಮಾಡು ಅನ್ನುವುದು ಎಂದು ನೀನೇ ಹಿತ್ತಲಲ್ಲಿ ನಗು ತಡೆದುಕೊಂಡು ಹೇಳಿಕೊಟ್ಟಿದ್ದೆ. ಇಪ್ಪತ್ತೆರಡು ವರ್ಷದ ಮೇಲೆ ಅದೇ ತಪ್ಪು ಮಾಡಿದೆ, ಈ ಸಲ ನಗುವವರು ಯಾರೂ ಇರಲಿಲ್ಲ. ಆದರೆ ನೀನು ಅಡುಗೆಮನೆಯದ್ದಕ್ಕೆ, ಬಚ್ಚಲಿನದ್ದಕ್ಕೆ, ಎಲ್ಲದಕ್ಕೂ "ಲೈಟ್ ಆಫ್ ಮಾಡಿ" ಎಂದೇ ಹೇಳುವವಳು. ಕರೆಂಟಿನ ಬಲ್ಬಿಗೆ ಯಾರಾದರೂ ದೊಡ್ಡದು ಮಾಡು ಅನ್ನುತ್ತಾರೆಯೇ? ಒಂಬತ್ತನೆಯ ದಿನ ಕಾವ್ಯ ಬಂದು, ಬಿಳಿಚಿ ಸುರುಟಿದ ಎಲೆ ನೋಡಿ, ನೀನು ಹೇಳಿಹೋದದ್ದನ್ನು ನನ್ನಿಂದ ಕೇಳಿ, "ಎಂತ ಮಾಡಿದ್ರಿ ಅಂಕಲ್! ದೊಡ್ಡದು ಮಾಡಿ ಅಂದ್ರೆ ಆಫ್ ಮಾಡಿ ಅಂತ ಅಲ್ದಾ?" ಎಂದು ಅಲ್ಲೇ ಕುರ್ಚಿಯಲ್ಲಿ ಕುಸಿದಾಗ ನನಗೆ ಹೊಳೆಯಿತು. ನಿನಗೆ ಅದು ಲೈಟ್ ಆಗಿರಲಿಲ್ಲ. ಇಷ್ಟು ದಿನವೂ ನೀನು ಆ ಕೋಣೆಯಲ್ಲಿ ದೀಪ ಹಚ್ಚುತ್ತಿದ್ದೆ. ಅದೇ ಮನೆಯಲ್ಲಿದ್ದೂ ನನಗೆ ತಿಳಿಯಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ಭಾನುವಾರ ಶೃಂಗೇರಿಯ ಒಂದು ನರ್ಸರಿಗೆ ಹೋಗಿದ್ದೆ. ಅಂಥದ್ದೇ ಗಿಡ ತಂದು ಅದೇ ಕುಂಡದಲ್ಲಿಟ್ಟು, ನಿನಗೆ ತಿಳಿಯದ ಹಾಗೆ ಮಾಡಿಬಿಡುವ ಯೋಚನೆ. ನಾಚಿಕೆಯಾಗುತ್ತದೆ, ಆದರೂ ನಿಜ. ಗಿಡಗಳು ಸಾಲಾಗಿ ಇದ್ದವು. ನರ್ಸರಿಯ ಹೆಂಗಸು, "ಯಾವ ಬಣ್ಣದ್ದು ಬೇಕು? ಬಿಳಿಯಾ, ಗುಲಾಬಿಯಾ, ನೀಲಿಯಾ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅದು ಹೂ ಬಿಟ್ಟಾಗಲೆಲ್ಲ ನೀನು ಪಾಯಸ ಮಾಡಿದೆ, ನಾನು ನಡುಮನೆಯಲ್ಲಿ ಕೂತು ಪಾಯಸ ಉಂಡೆ, ಎದ್ದು ಹೋಗಿ ಹೂ ನೋಡಲಿಲ್ಲ. ನೀನು ಫೋನಿಗೆ ಕಳಿಸಿದ್ದ ಒಂದೇ ಫೋಟೋ ಹುಡುಕಿ ತೆಗೆದೆ. ಅದು ಆ ಹಳೆಯ ಬಲ್ಬಿನ ಕಾಲದ್ದು. ಎಲೆ, ಮೇಜು, ಗೋಡೆ, ಹೂ, ಎಲ್ಲ ಒಂದೇ ನೇರಳೆ. ಅಷ್ಟು ಜನರ ನಡುವೆ ಫೋನು ಹಿಡಿದು ಅತ್ತುಬಿಟ್ಟೆ. ಬರಿಗೈಯಲ್ಲಿ ಬಸ್ಸು ಹತ್ತಿದೆ.

ನಡುವಿನ ಒಂದು ಚಿಗುರು ಇನ್ನೂ ಹಸಿರಿದೆ. ಲ್ಯಾಂಪನ್ನು ಎರಡು ಅಡಿ ಮೇಲೆ ಎತ್ತಿದ್ದೇನೆ, ಕಾವ್ಯ ಹೇಳಿದಂತೆ ಕುಂಡಕ್ಕೆ ಕೆಳಗಿನ ತಟ್ಟೆಯಿಂದ ನೀರು ಕೊಡುತ್ತಿದ್ದೇನೆ. ಬದುಕಿದರೂ ಬದುಕೀತು ಎಂದಿದ್ದಾಳೆ. ನೀನು ಅಲ್ಲಿ ಚಿಂತೆ ಮಾಡಿ ಅತ್ತೆಯ ಎದುರು ಕಣ್ಣೀರು ಹಾಕಬೇಡ. ಅವರಿಗೆ ನನ್ನ ನಮಸ್ಕಾರ ಹೇಳು. ಅಳಿಯನ ಬುದ್ಧಿ ಇನ್ನೂ ಬತ್ತಿ ಎಳೆಯುವುದರಲ್ಲೇ ಇದೆ ಎಂದು ಹೇಳಿದರೆ ನಕ್ಕಾರು. ನಿನ್ನ ಸಿಟ್ಟು ನನಗಿರಲಿ, ನಿನ್ನ ಆರೋಗ್ಯ ನಿನಗಿರಲಿ.

ನಿನ್ನವನೇ ಆದ,
ಕಲ್ಲೇಶಪ್ಪ

ಮರೆತ ಮಾತು: ಸೋಮವಾರ ಬೆಳಿಗ್ಗೆ, ಬಸ್‌ ಸ್ಟ್ಯಾಂಡು. ಮಂಜಯ್ಯ ಸೀಟಿ ಊದುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೇಸರಿಸಬೇಡ. ಚಿಗುರು ಹಸಿರಿದೆ ಎಂದು ಬರೆದದ್ದು ಸುಳ್ಳು. ಅದು ಗುರುವಾರವೇ ಹೋಯಿತು. ಕುಂಡದಲ್ಲಿ ಈಗ ಮಣ್ಣು ಮಾತ್ರ. ಲ್ಯಾಂಪು ಹಗಲೂ ರಾತ್ರಿ ಉರಿಯುತ್ತಿದೆ. ಅದರ ಕೆಳಗೆ ಕತ್ತಲು ಬೇಕಾದವರು ಈಗ ಯಾರೂ ಇಲ್ಲ. ದಿನಾ ಸಂಜೆ ಆರಕ್ಕೆ ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಕೈಯಿಡುತ್ತೇನೆ. ಮಾತಿನ ಅರ್ಥ ಈಗ ಗೊತ್ತು, ಆದರೆ ಕೈ ಬರುವುದಿಲ್ಲ. ಅತ್ತೆಯನ್ನು ಒಂದು ದಿನ ತಮ್ಮನ ಹೆಂಡತಿಗೆ ಒಪ್ಪಿಸಿ ಬಾ. ಹೊಸ್ತಿಲ ಹೊರಗೆ ನಿಲ್ಲುವುದಿಲ್ಲ, ನಾನೂ ಒಳಗೆ ಬರುತ್ತೇನೆ. ಅದರ ಹೂವಿನ ಬಣ್ಣ ಯಾವುದೆಂದು ಹೇಳು. ಆಮೇಲೆ ನೀನೇ ದೀಪ ದೊಡ್ಡದು ಮಾಡು.