ಕಕ್ಕೆ ಹೂವಿನ ಲೆಕ್ಕದಲ್ಲಿ ಹದಿನೇಳು

ಸಾತನೂರು
12 ಮೇ 2008, ಸೋಮವಾರ

ಚಿರಂಜೀವಿ ಪುಟ್ಟಿಗೆ ನಿನ್ನ ಅಜ್ಜಿಯ ಆಶೀರ್ವಾದ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನೆ ಮಧ್ಯಾಹ್ನ ಎರಡು ಮುದ್ದೆ ಉಂಡಿದ್ದೇನೆ, ಇವತ್ತು ಬೆಳಗ್ಗೆ ತೋಟದಿಂದ ರೇಷ್ಮೆ ಹುಳುಗಳಿಗೆ ಸೊಪ್ಪು ಹೊತ್ತು ತಂದಿದ್ದೇನೆ. ಜ್ವರ ಇಲ್ಲ, ಕೆಮ್ಮು ಇಲ್ಲ, ಎದೆನೋವಂತೂ ಈ ಜನ್ಮದಲ್ಲಿ ಬಂದಿಲ್ಲ. ಇದನ್ನು ಎರಡು ಸಲ ಓದಿಕೋ. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಜ್ಜಿಗೆ ಸೊಕ್ಕು ಬಂತು ಅಂದುಕೊಂಡಿರುತ್ತೀಯ. ನಾನು ಓದಿದ್ದು ಮೂರನೇ ಕ್ಲಾಸು ಮಗಳೇ, ನಾನು ಒಂದು ಒತ್ತಕ್ಷರ ಸರಿಮಾಡುವಷ್ಟರಲ್ಲಿ ನಿನ್ನವ್ವ ಒಂದು ಮೊರ ರಾಗಿ ಕೇರಿ ಮುಗಿಸುತ್ತಾಳೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನು ಇರುವುದು ನಿನ್ನಪ್ಪನ ಜೇಬಿನಲ್ಲಿ. ನಾನು ಮಾತಾಡುವಷ್ಟು ಹೊತ್ತೂ ಅವನು ಎದುರಿಗೇ ಗೂಟದ ಹಾಗೆ ನಿಂತಿರುತ್ತಾನೆ. ಅದಕ್ಕೇ ಈ ಕಾಗದವನ್ನು ನಮ್ಮ ಬೀದಿಯ ಶರ್ಫುನ್ನೀಸಾ ಕೈಯಲ್ಲಿ ಡಬ್ಬಕ್ಕೆ ಹಾಕಿಸುತ್ತಿದ್ದೇನೆ. ಲಕೋಟೆಯ ಮೇಲೆ, ನಿನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿರುವ ನಿನ್ನ ಸೋದರತ್ತೆ ರಾಧಾಮಣಿಯ ಹೆಸರು ಹಾಕಿಸಿದ್ದೇನೆ. ಅವಳು ಒಡೆದು ನೋಡಿದರೂ ಪರವಾಗಿಲ್ಲ, ಅವಳೂ ಓದಬೇಕಾದ್ದೇ.

ನೀನು ಕಳಿಸಿದ ಹೂವಿನ ಕಾರ್ಡು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ಆ ಚನ್ನಪಟ್ಟಣದ ಅಂಗಡಿಯಲ್ಲಿ ಇಂಥದ್ದನ್ನೂ ಮಾರುತ್ತಾರಾ. ಬೇಸಿಗೆಯಲ್ಲಿ ಹುಟ್ಟಿದವರ ಹೂಗಳು ಅಂತ ನೀನು ಕನ್ನಡದಲ್ಲಿ ಬರೆದುಕೊಟ್ಟಿದ್ದನ್ನು ಓದಿದೆ. ಜೂನಿಗೆ ಗುಲಾಬಿ, ಅರ್ಥ ಪ್ರೀತಿ. ಜುಲೈಗೆ ಯಾವುದೋ ನೀಲಿ ಹೂ, ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ, ಅರ್ಥ ಹಗುರ ಮನಸ್ಸು. ಆಗಸ್ಟಿಗೆ ಗ್ಲಾಡಿಯೋಲಸ್ಸು, ಅರ್ಥ ಗಟ್ಟಿತನ. ಓದಿ ನಗು ಬಂತು. ಜೂನು, ಜುಲೈ, ಆಗಸ್ಟು ಯಾವ ಊರಿನ ಬೇಸಿಗೆ. ಆಗ ನಾವು ಮಳೆಗೆ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ರಾಗಿ ಪೈರಿನಲ್ಲಿ ಕಳೆ ಕೀಳುತ್ತಿರುತ್ತೇವೆ. ಆ ಗ್ಲಾಡಿಯೋಲಸ್ಸನ್ನೂ ಬಲ್ಲೆ. ಈಗ ನಮ್ಮ ಕಡೆಯೂ ಬೆಳೆಯುತ್ತಾರೆ, ಮದುವೆ ಛತ್ರದಲ್ಲಿ ಬಕೆಟ್ಟಿಗೆ ಸಿಕ್ಕಿಸಿ ನಿಲ್ಲಿಸುತ್ತಾರೆ. ಧಾರೆ ಮುಗಿಯುವಷ್ಟರಲ್ಲಿ ಕತ್ತು ಬಾಗಿರುತ್ತದೆ. ಅದರ ಗಟ್ಟಿತನ ಅಷ್ಟೇ.

ನೀನು ಕೊನೆಗೆ ಬರೆದಿದ್ದೀಯ, ನಾನು ಜೂನ್ ಒಂದು, ಹಾಗಾದರೆ ನಾನು ಗುಲಾಬಿ ಅಲ್ಲವಾ ಅಜ್ಜಿ, ನಮ್ಮ ಹಿತ್ತಲ ಕಕ್ಕೆಗೂ ಏನಾದರೂ ಅರ್ಥ ಇದೆಯಾ ಅಂತ. ಅರ್ಥವನ್ನು ಯೋಚನೆ ಮಾಡಿ ಕೊನೆಯಲ್ಲಿ ಹೇಳುತ್ತೇನೆ. ಆದರೆ ನೀನು ಗುಲಾಬಿ ಅಲ್ಲ. ಜೂನ್ ಒಂದೂ ಅಲ್ಲ.

ನಮ್ಮ ಮನೆಯಲ್ಲಿ ತಾರೀಖು ಇಟ್ಟುಕೊಂಡವರು ಯಾರೂ ಇರಲಿಲ್ಲ. ಮಗು ಹುಟ್ಟಿದಾಗ ಮೊದಲ ಸ್ನಾನದ ನೀರನ್ನು ಬಚ್ಚಲಿಗೆ ಬಿಡುತ್ತಿರಲಿಲ್ಲ. ಹಿತ್ತಲಲ್ಲಿ ಆಗ ಯಾವುದು ಹೂ ಬಿಟ್ಟಿದೆಯೋ ಅದರ ಬುಡಕ್ಕೆ ಹೊಯ್ಯುತ್ತಿದ್ದೆವು. ಅಲ್ಲಿಂದ ಅದು ಆ ಮಗುವಿನ ಗಿಡ. ಪ್ರತಿ ವರ್ಷ ಅದರಲ್ಲಿ ಮೊದಲ ಹೂ ಕಂಡ ದಿನ ಆ ಮಗುವಿಗೆ ಎಣ್ಣೆ ನೀರು, ತಲೆಗೆ ಆ ಹೂವು, ವಯಸ್ಸಿಗೆ ಒಂದು ವರ್ಷ. ನಿನ್ನಪ್ಪ ಹೊಂಗೆ ಹೂ ಅರಳು ಹುರಿದು ಚೆಲ್ಲಿದ ಹಾಗೆ ಬಿದ್ದಿದ್ದಾಗ ಹುಟ್ಟಿದವನು. ಊರಿಗೆಲ್ಲ ನೆರಳು, ಬಾಯಿಗಿಟ್ಟರೆ ಕಹಿ. ರಾಧಾಮಣಿ ದುಂಡುಮಲ್ಲಿಗೆ, ಒಳಗೆ ಬರುವ ಮೊದಲೇ ಬಂದದ್ದು ಬೀದಿಗೆಲ್ಲ ಗೊತ್ತಾಗುತ್ತದೆ. ನಾನು ಬೇವಿನ ಹೂ. ಅದನ್ನು ನಿನ್ನ ತಾತ ಇದ್ದಷ್ಟು ದಿನವೂ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ನೀನು ಕಕ್ಕೆ. ಎಲೆಯೆಲ್ಲ ಉದುರಿಸಿಕೊಂಡು, ಮರ ಸತ್ತೇ ಹೋಯಿತು ಅಂದುಕೊಳ್ಳುವಾಗ ಗೊಂಚಲು ಗೊಂಚಲಾಗಿ ಇಳಿಯುತ್ತದಲ್ಲ, ಅಂಥ ಹೊತ್ತಿನಲ್ಲಿ ಹುಟ್ಟಿದೆ. ಸೂಲಗಿತ್ತಿ ಅಂಕಮ್ಮ ನೀರು ಹಾಕಿ ಮುಗಿಸಿದ ಮೇಲೆ ಬಾನಿಯನ್ನು ಎತ್ತಿಕೊಂಡು ಹೋದವನು ನಿನ್ನಪ್ಪ. ಗಂಡಸರು ಮುಟ್ಟುವ ನೀರಲ್ಲ ಅದು, ಕೊಡೋ ಅಂದೆ. ಅವನು ಕೊಡಲಿಲ್ಲ. ಮರದ ಸುತ್ತ ಸುತ್ತಿಕೊಂಡು, ಒಂದು ಹನಿ ಹೊರಗೆ ಬೀಳದ ಹಾಗೆ ಹೊಯ್ದ. ತಲೆಯ ಮೇಲೆಲ್ಲ ಹಳದಿ ಎಸಳು ಬಿದ್ದಿದ್ದವು, ಹಾಗೇ ಒಳಗೆ ಬಂದು ನಿನ್ನನ್ನು ನೋಡಿದ. ಅದೇ ವಾರ ಶರ್ಫುನ್ನೀಸಾಗೆ ಕನಕಪುರದ ಆಸ್ಪತ್ರೆಯಲ್ಲಿ ಖತೀಜಾ ಹುಟ್ಟಿದಳು. ನಿನ್ನವ್ವನಿಗೆ ಹಾಲು ಸಾಲದಾದಾಗ ಶರ್ಫುನ್ನೀಸಾ ಒಂದೊಂದು ಮಗ್ಗುಲಿಗೆ ಒಬ್ಬೊಬ್ಬರನ್ನು ಹಾಕಿಕೊಂಡು ಕುಡಿಸಿದ್ದಾಳೆ. ಖತೀಜಾಳ ಜನನದ ಕಾಗದದಲ್ಲಿ ತೊಂಬತ್ತೊಂದನೇ ಇಸವಿಯ ಮೇ ತಿಂಗಳು ಇದೆ. ನಿನ್ನದರಲ್ಲಿ ತೊಂಬತ್ತರ ಜೂನ್ ಒಂದು. ಒಂದೇ ವಾರದಲ್ಲಿ ಹುಟ್ಟಿದ ನೀವಿಬ್ಬರು ಕಾಗದದಲ್ಲಿ ಅಕ್ಕ ತಂಗಿ ಆಗಿದ್ದೀರಿ.

ಅದಕ್ಕೆ ಕಾರಣ ನಿನ್ನ ಉದ್ದ ಕೈ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮುನಿರಾಮಯ್ಯ ಯಾರ ಮನೆಯ ಕಾಗದವನ್ನೂ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿಯಬೇಕು. ಹಿಡಿದರೆ ವಯಸ್ಸಾಗಿದೆ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ನಿನ್ನ ಕೈ ನಿನ್ನ ತಾತನ ಕೈ, ಏಣಿಯ ಹಾಗೆ. ಕಿವಿ ಮಾತ್ರವಲ್ಲ, ಓಲೆಯನ್ನೂ ಹಿಡಿದು ತೋರಿಸಿದೆ. ನಿನ್ನಪ್ಪನ ಹೆಗಲ ಮೇಲೆ ಕುಳಿತು ಹೋದವಳು ಹೊರಗೆ ಬರುವಾಗ ಒಂದು ವರ್ಷ ದೊಡ್ಡವಳಾಗಿದ್ದೆ. ಪಾಪ, ಖತೀಜಾ ಕುಳ್ಳಿ, ಅವಳ ಬೆರಳು ನೆತ್ತಿಯಲ್ಲೇ ನಿಂತಿತು, ಅಳುತ್ತಾ ವಾಪಸು ಬಂದಳು. ಮೇಷ್ಟ್ರು ಎಲ್ಲರಿಗೂ ಹಾಕುವ ಹಾಗೆ ನಿನಗೂ ಜೂನ್ ಒಂದು ಅಂತ ಹಾಕಿದರು. ನಮ್ಮ ಬೀದಿಯಲ್ಲಿ ಅರ್ಧ ಜನ ಅವತ್ತೇ ಹುಟ್ಟಿದವರು. ಆಗ ನಾವೆಲ್ಲ ನಕ್ಕೆವು. ಮಗು ಶಾಲೆಗೆ ಸೇರಿತಲ್ಲ, ಒಂದು ವರ್ಷ ಆಚೀಚೆ ಆದರೇನು ಅಂದುಕೊಂಡೆವು.

ಈಗ ಆ ಒಂದು ವರ್ಷಕ್ಕೆ ಬೆಲೆ ಬಂದಿದೆ ಪುಟ್ಟಿ. ಸಮಾಧಾನವಾಗಿ ಓದು.

ಹಾರೋಹಳ್ಳಿ ಕಡೆಯ ಬೈರಪ್ಪ ಅಂತ ಒಬ್ಬ. ಅಲ್ಲೆಲ್ಲ ಹೊಲ ಹೋಗಿ ಫ್ಯಾಕ್ಟರಿ ಬಂದಿದೆಯಲ್ಲ, ಈತನದೂ ಹೋಯಿತು. ಈಗ ಫ್ಯಾಕ್ಟರಿಗೆ ಜನ ಸಾಗಿಸುವ ವ್ಯಾನುಗಳ ಕಂಟ್ರಾಕ್ಟು ಅವನ ಕೈಯಲ್ಲಿದೆ. ನಿನ್ನಪ್ಪನ ಟೆಂಪೋ ವಾರಕ್ಕೆ ನಾಲ್ಕು ದಿನ ಮನೆ ಮುಂದೆ ನಿಂತಿರುವುದು ನಿನಗೆ ಗೊತ್ತೇ ಇದೆ. ಅದನ್ನು ಫ್ಯಾಕ್ಟರಿಗೆ ಹಾಕಿಸಿಕೊಡುತ್ತೇನೆ ಅಂದಿದ್ದಾನೆ. ಬೈರಪ್ಪನಿಗೆ ಒಬ್ಬ ಮಗ. ಇವರಿಬ್ಬರೂ ಸೇರಿ ನಿನ್ನ ಮದುವೆ ಗೊತ್ತು ಮಾಡಿದ್ದಾರೆ. ಜೂನ್ ಎಂಟಕ್ಕೆ. ಜೂನ್ ಒಂದಕ್ಕೆ ಕಾಗದದ ಮೇಲೆ ನಿನಗೆ ಹದಿನೆಂಟು ತುಂಬುತ್ತದೆ, ಎಂಟಕ್ಕೆ ಯಾರೂ ಕೇಳುವ ಹಾಗಿಲ್ಲ. ನಿನ್ನನ್ನು ಕೇಳಿದ್ದಾರಾ ಅಂದರೆ ಇಲ್ಲ. ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಾ, ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕುತ್ತೇನೆ ಅಂತ ನೀನು ಬರೆದಿದ್ದನ್ನು ನಾನು ಅವನ ಮುಂದೆ ಓದಿದೆ. ಎದ್ದು ಹೋಗಿ ಟೆಂಪೋ ಒರೆಸಲು ಕುಳಿತ.

ನಿನ್ನೆ ಅಲ್ಲ, ಅದರ ಹಿಂದಿನ ಭಾನುವಾರ ಅವರು ಮನೆ ನೋಡಲು ಬಂದಿದ್ದರು. ಹಜಾರದಲ್ಲಿ ಎಂಟು ಜನ, ಎಲ್ಲರ ಸೊಂಟದಲ್ಲೂ ಒಂದೊಂದು ಫೋನು. ನಾನು ಕಾಫಿ ಕೊಟ್ಟೆ, ಕೊಟ್ಟವಳು ಒಳಗೆ ಹೋಗದೆ ಬಾಗಿಲಲ್ಲೇ ಕುಳಿತೆ. ಹುಡುಗಿಗೆ ವಯಸ್ಸೆಷ್ಟು ಅಂತ ಬೈರಪ್ಪ ಕೇಳಿದ. ಮುಂದಿನ ತಿಂಗಳು ಒಂದಕ್ಕೆ ಹದಿನೆಂಟು ಅಂದ ನಿನ್ನಪ್ಪ, ನೆಲ ನೋಡಿಕೊಂಡು.

"ಅವ್ಳು ಹುಟ್ಟಿದ್ದು ಆ ಕಕ್ಕೆ ಮರ ಹೂ ಬುಟ್ಟಿದ್ದಾಗ," ಅಂದೆ. "ಈ ಸಲದ ಹೂವಿಗೆ ಹದ್ನೇಳು. ಹದ್ನೆಂಟಾಗ್ಬೇಕಾದ್ರೆ ಅದು ಇನ್ನೊಂದು ಸಲ ಹೂ ಬುಡ್ಬೇಕು."

ಬೈರಪ್ಪ ಕಿಟಕಿಯಿಂದ ಹಿತ್ತಲ ಕಡೆ ನೋಡಿ ನಕ್ಕ. "ಏನಜ್ಜಿ, ನಾಳಿಕ್ಕೆ ಮರ ಬಂದು ಸಾಕ್ಷಿ ಯೋಳ್ತದ?"

"ಮರ ಬರಕ್ಕಿಲ್ಲ ಕಣಪ್ಪ. ನಾನು ಬತ್ತೀನಿ."

ಅವರು ಹೋದ ಮೇಲೆ ನಿನ್ನಪ್ಪ ಅಡುಗೆಮನೆಗೆ ಬಂದ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಅವ್ವ, ನೀನು ಒಸಿ ಸುಮ್ಕಿರು. ಕಾಗ್ದದಾಗೆ ಏನೈತೋ ಅದೇ ವಯಸ್ಸು," ಅಂದ.

"ಹಂಗಾದ್ರೆ ಆ ಕಾಗ್ದಕ್ಕೇ ತಾಳಿ ಕಟ್ಸು," ಅಂದೆ.

ನಿನ್ನವ್ವನ ಹತ್ತಿರವೂ ಮಾತಾಡಿ ನೋಡಿದೆ. ನನಗೂ ಹದಿನಾರಕ್ಕೇ ಆಯಿತಲ್ಲ ಅತ್ತೆ, ನಾನೇನು ಸತ್ತುಹೋದೆನಾ ಅಂದಳು. ಹಾಗಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಲೆ ಊದಿದಳು. ಹೊಗೆ ಇಲ್ಲದ ಒಲೆಯನ್ನು ಯಾಕೆ ಊದುತ್ತೀಯ ಅಂತ ನಾನು ಕೇಳಲಿಲ್ಲ. ಅವಳಿಗೂ ಮನಸ್ಸಿಲ್ಲ ಪುಟ್ಟಿ. ಆದರೆ ಅವಳಿಗೆ ಮನಸ್ಸು ಇದೆ ಅಂತ ಈ ಮನೆಯಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ.

ನಿನ್ನಪ್ಪನನ್ನು ಕೆಟ್ಟವನು ಅಂದುಕೊಳ್ಳಬೇಡ. ಟೆಂಪೋ ನಿಂತಿರುವಷ್ಟು ದಿನ ಅವನು ಬೀದಿಯಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ನಿನಗೆ ಒಳ್ಳೆಯ ಮನೆ ಸಿಕ್ಕಿದೆ ಅಂತ ಅರ್ಧ ನಂಬಿದ್ದಾನೆ. ಇನ್ನರ್ಧ ಗೊತ್ತಿದೆ ಅವನಿಗೆ, ಅದಕ್ಕೇ ನನ್ನ ಕಣ್ಣಿಗೆ ಬೀಳದ ಹಾಗೆ ಊಟ ಮಾಡಿ ಹೋಗುತ್ತಾನೆ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಈ ಭಾನುವಾರ ಅವನು ನಿನ್ನನ್ನು ಕರೆದುಕೊಂಡು ಬರಲು ಚನ್ನಪಟ್ಟಣಕ್ಕೆ ಬರುತ್ತಾನೆ. ನಿನ್ನವ್ವನ ಹತ್ತಿರ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಅಜ್ಜಿಗೆ ಹುಷಾರಿಲ್ಲ ಅಂದರೆ ಓಡಿ ಬರುತ್ತಾಳೆ ಅಂದ. ನನ್ನ ಹೆತ್ತ ಮಗ ನನ್ನನ್ನೇ ಗಾಳಕ್ಕೆ ಸಿಕ್ಕಿಸಿದ್ದಾನೆ. ನನಗೆ ಹುಷಾರಾಗಿದೆ. ಅವನು ಅತ್ತರೂ ಬರಬೇಡ. ನಿನ್ನ ಹುಟ್ಟಿದ ಹಬ್ಬ ಅಂದರೂ ಬರಬೇಡ. ಅಜ್ಜಿಯ ಬಾಯಿ ನಿಂತುಹೋಗಿದೆ ಅಂದರೆ ಮಾತ್ರ ನಗು, ಅದು ಆಗುವ ಮಾತಲ್ಲ.

ರಾಧಾಮಣಿ, ಇದು ನಿನಗೆ. ಅಣ್ಣನ ಎದುರು ನಿನಗೆ ನಾಲಿಗೆ ಏಳುವುದಿಲ್ಲ, ಬಲ್ಲೆ. ಈ ಒಂದು ಸಲ ಏಳಲಿ. ಮಗುವನ್ನು ಅವಳ ಕಾಲೇಜಿನ ಮೇಡಂ ಹತ್ತಿರ ನಾಳೆಯೇ ಕರೆದುಕೊಂಡು ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಎಲ್ಲಿಗೆ ಹೋಗಿ ತಡೆಯಬೇಕೋ ಅವರಿಗೆ ಗೊತ್ತಿರುತ್ತದೆ. ಶರ್ಫುನ್ನೀಸಾ ಖತೀಜಾಳ ಕಾಗದ ಹಿಡಿದುಕೊಂಡು ಬರುತ್ತೇನೆ ಅಂದಿದ್ದಾಳೆ, ಎರಡು ಮಕ್ಕಳಿಗೂ ಹಾಲು ಕೊಟ್ಟವಳು ನಾನು, ನನ್ನನ್ನು ಯಾರು ಸುಳ್ಳಿ ಅನ್ನುತ್ತಾರೆ ನೋಡೋಣ ಅಂದಳು. ನಾನೂ ಅವಳ ಜೊತೆ ಬಸ್ಸು ಹತ್ತುತ್ತೇನೆ. ಆಮೇಲೆ ಈ ಮನೆಯಲ್ಲಿ ನನಗೆ ಮುದ್ದೆ ಹಾಕುತ್ತಾರೋ ಇಲ್ಲವೋ, ಅದು ನನ್ನ ಪಾಡು.

ಲಕೋಟೆಯಲ್ಲಿ ಕಕ್ಕೆ ಹೂ ಇಟ್ಟಿದ್ದೇನೆ. ಈ ಸಲ ಕೆಳಗಿನ ಕೊಂಬೆಯವರೆಗೂ ಹಳದಿ ಇಳಿದಿದೆ, ದುಂಬಿಗಳ ಸದ್ದು ಬಚ್ಚಲವರೆಗೂ ಕೇಳುತ್ತದೆ. ತಲೆಗೆ ಎಣ್ಣೆ ಇಟ್ಟುಕೊಂಡು ನೀರು ಹಾಕಿಕೋ, ಅತ್ತೆಯ ಕೈಲಿ ಹೂ ಮುಡಿಸಿಕೋ. ನಿನಗೆ ಹದಿನೇಳು ತುಂಬಿತು. ನಿನ್ನ ಉದ್ದ ಕೈ ಬೋರ್ಡಿನ ಮೇಲ್ತುದಿಯವರೆಗೂ ಮುಟ್ಟಲಿ, ಎದುರಿಗೆ ಮಕ್ಕಳು ಕುಳಿತು ನೋಡಲಿ. ದೇವರು ಒಳ್ಳೆಯದು ಮಾಡಲಿ, ಮಾಡದಿದ್ದರೆ ಅವನಿಗೂ ನನ್ನ ಬಾಯಿ ಗೊತ್ತಿದೆ.

ನಿನ್ನ ಅಜ್ಜಿ,
ಸಿದ್ದಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮೇಲೆ ಮರ ನಿಂತಿರುವ ಹಾಗೆ ಬರೆದೆ. ಅದು ಇಲ್ಲ. ಬೈರಪ್ಪನ ಕಡೆಯವರು ಬಂದು ಹೋದ ಮಾರನೆಯ ದಿನ ಬೆಳಗ್ಗೆ ನಿನ್ನಪ್ಪ ಕಡಿದುಹಾಕಿದ. ಆಳು ಕರೆಯಲಿಲ್ಲ, ನಿನಗೆ ನೀರು ಹೊಯ್ದ ಕೈಯಿಂದ ತಾನೇ ಕಡಿದ. ಚಪ್ಪರಕ್ಕೆ ಜಾಗ ಬೇಕು, ಗಂಡಿನ ಕಡೆಯ ಬಸ್ಸು ತಿರುಗಬೇಕು ಅಂದ. ನಾನು ಬುಡದ ಹತ್ತಿರ ನಿಂತಿದ್ದೆ. ಮರ ಬಿದ್ದ ಮೇಲೆ ಕೊಡಲಿ ಕೆಳಗಿಟ್ಟು ನನ್ನ ಮುಖ ನೋಡಿದ. "ಇನ್ಮೇಕೆ ಏನ್ ತೋರ್ಸಿ ಲೆಕ್ಕ ಯೋಳ್ತೀಯವ್ವ?" ಅಂದ. ಅವನ ತಲೆಯ ಮೇಲೆ ಎಸಳು ಬಿದ್ದಿದ್ದವು, ಅವತ್ತಿನ ಹಾಗೇ. ನಾನು, ಊರೆಲ್ಲ ಹೆದರುವ ಈ ಬಾಯಿಯವಳು, ಬಗ್ಗಿ ಬಿದ್ದ ಗೊಂಚಲನ್ನು ಸೆರಗಿಗೆ ಹಾಕಿಕೊಂಡೆ. ಈ ಹೂ ನೆಲದಿಂದ ಆರಿಸಿದ್ದು.

ಕಕ್ಕೆಗೆ ಅರ್ಥ ಕೇಳಿದ್ದೆಯಲ್ಲ. ಮುಂದಿನ ವರ್ಷ ಅಂತ ಬರೆದುಕೋ. ಸಾತನೂರಿಗೆ ಬರುವ ಬಸ್ಸಿನ ದಾರಿಯಲ್ಲಿ, ಕೆರೆ ಏರಿ ತಿರುಗಿದ ತಕ್ಷಣ ಇನ್ನೊಂದು ಕಕ್ಕೆ ಮರ ಇದೆ. ಅದು ಯಾರ ಅಪ್ಪನದೂ ಅಲ್ಲ. ಮುಂದಿನ ಸಲ ಅದು ಹೂ ಬಿಟ್ಟಾಗ ಬಾ. ಅಲ್ಲಿಯವರೆಗೂ ನನ್ನನ್ನು ನೋಡಬೇಕು ಅನ್ನಿಸಿದರೂ ಬರಬೇಡ.