ಅರ್ಧ ತುಣುಕು

ನವೆಂಬರ್ 9, ಭಾನುವಾರ

ತಂಗಿ ಇವತ್ತು ಚರ್ಚಿನ ಆರಾಧನೆಗೆ ಬಂದಿದ್ದಳು. ನನ್ನ ಗಂಡನ ಜೊತೆ ಓಡಿಹೋದವಳು. ಈಗ ಅವನು ಇವಳನ್ನೂ ಬಿಟ್ಟಿದ್ದಾನೆ. ಎಲ್ಲರೆದುರು ಮಂಡಿಯೂರಿ ಅತ್ತಳು. ಪಾದ್ರಿಗಳು ತಲೆಯ ಮೇಲೆ ಕೈಯಿಟ್ಟು, "ದೇವರು ನಿನ್ನನ್ನ ಕ್ಷಮಿಸಿದ್ದಾನೆ ಮಗಳೇ" ಅಂದರು. ದೇವರಿಗೇನು, ಕ್ಷಮಿಸಿಬಿಟ್ಟ! ನನ್ನನ್ನು ಒಂದು ಮಾತು ಕೇಳಬೇಡವೇ? ಒಬ್ಬಳಿಗೇ ಬೇಯಿಸಿಕೊಂಡು ಗೋಡೆ ನೋಡುತ್ತಾ ಉಣ್ಣುವವಳು ನಾನು.

ಆಮೇಲೆ ಬಂದು ಕೂತದ್ದಾದರೂ ಎಲ್ಲಿ? ಕೊನೆಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ.

'ಇದು ನಿಮಗೋಸ್ಕರ ಕೊಟ್ಟ ನನ್ನ ದೇಹ' ಎಂಬ ಯೇಸುವಿನ ಮಾತು ಹೇಳಿ ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿ ಸುಡುವುದು ನನ್ನ ಕೆಲಸ. ಬರುವವರು ಎಷ್ಟು ಜನವೋ ಅಷ್ಟೇ ತುಣುಕು ಕತ್ತರಿಸುತ್ತೇನೆ. ಅವಳು ಬರುತ್ತಾಳೆಂದು ಪಾದ್ರಿಗಳು ನಿನ್ನೆಯೇ ಹೇಳಿದ್ದರು. ಆದರೂ ಅವಳಿಗೆಂದು ಕತ್ತರಿಸಲಿಲ್ಲ. ಬೇಕೆಂದೇ.

ತಟ್ಟೆ ಕೈಯಿಂದ ಕೈಗೆ ದಾಟಿ ನಮ್ಮ ಬೆಂಚಿಗೆ ಬಂದಾಗ ಒಂದೇ ತುಣುಕು ಉಳಿದಿತ್ತು. ಮೊದಲು ಅವಳಿಗೆ ಸಿಕ್ಕಿತು, ತೆಗೆದುಕೊಂಡಳು. ಖಾಲಿ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಚಿಕ್ಕಂದಿನಿಂದ ನನ್ನ ಹೊಟ್ಟೆಯೊಳಗಿನದೆಲ್ಲ ಬಲ್ಲವಳು. ತುಣುಕನ್ನು ಮುರಿದು ಅರ್ಧ ನನ್ನ ಅಂಗೈಗಿಟ್ಟಳು.

"ತಗೋ ಅಕ್ಕ. ಇದು ನಿನಗೋಸ್ಕರಾನೂ ಕೊಟ್ಟಿದ್ದೇ."

ನಾನು ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ತಂದೆ. ಈಗ ಮೇಜಿನ ಮೇಲಿದೆ, ಒಣಗಿ ಗಟ್ಟಿಯಾಗಿದೆ. ಎಸೆಯಲು ಕೈ ಬರುತ್ತಿಲ್ಲ. ತಿನ್ನೋಣವೆಂದು ಬಾಯಿಯವರೆಗೆ ತಂದು ಮತ್ತೆ ಅಲ್ಲೇ ಇಡುತ್ತೇನೆ. ಒಲೆ ಹಚ್ಚಿಲ್ಲ, ಹಸಿವು ಬೇರೆ. ನಾನೇ ನಾದಿದ್ದು, ನಾನೇ ಸುಟ್ಟದ್ದು. ಆದರೂ ಇವತ್ತು ನನ್ನ ಪಾಲಿಗೆ ಬಂದದ್ದು ಅವಳು ಕೊಟ್ಟಷ್ಟೇ. ದೇವರೇ, ನಿನಗೆ ಬೇರೆ ಯಾರ ಕೈಯೂ ಸಿಗಲಿಲ್ಲವೇ?