ನನ್ನ ಮಗ ಉಸಿರಾಡುತ್ತಾನೆ

ಎಳೆಯ ಮೀನುಗಾರರ ಉಸಿರಿನ ಮೇಲೆ ಅಧಿಕಾರವುಳ್ಳ ಮಾನ್ಯರೇ,

ನನ್ನ ಮಗ ಕಾಮಣ್ಣ ಉಸಿರಾಡುತ್ತಾನೆ. ಹುಟ್ಟಿದಾಗಿನಿಂದ ಈ ಹದಿನೇಳು ವರ್ಷ ಒಂದು ದಿನವೂ ತಪ್ಪಿಸಿಲ್ಲ. ಆದರೆ ಸೊಲ್ಲಾಪುರದ ನಿಮ್ಮ ಡಾಕ್ಟರು ಕೊಟ್ಟ ಕಾಗದದಲ್ಲಿ ‘ಉಸಿರಾಟ: ಕಂಡುಬಂದಿಲ್ಲ. ಕೆಲಸಕ್ಕೆ ಅಯೋಗ್ಯ’ ಎಂದು ಬರೆದು ಮೊಹರು ಒತ್ತಿದ್ದಾರೆ. ಹೆತ್ತವಳನ್ನು ಒಂದು ಮಾತು ಕೇಳಬಾರದಿತ್ತೇ?

ಅಕ್ಕಲಕೋಟದ ದಾರಿಯಲ್ಲಿರುವ ನಮ್ಮ ಕೆರೆಯಲ್ಲಿ ನೀರಿಗಿಳಿದು ಬಲೆ ಬೀಸಲು ಹದಿನೆಂಟು ತುಂಬದವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕೆಂದು ಈ ವರ್ಷ ನಿಯಮ ಮಾಡಿದಿರಿ. ಒಳ್ಳೆಯದೇ. ನಮ್ಮಲ್ಲೂ ಒಂದು ಪರೀಕ್ಷೆ ಇದೆ. ಮುಳುಗು ಹಾಕಿ, ಕೆರೆಯ ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ಹಿರಿಯರ ಅಂಗೈಗೆ ಹಾಕಬೇಕು. ಅದರಲ್ಲಿ ಕಾಮಣ್ಣನಿಗೆ ಸರಿಸಾಟಿ ಯಾರೂ ಇಲ್ಲ. ನಿಮ್ಮ ಪರೀಕ್ಷೆಯಲ್ಲಿ ಅವನನ್ನು ಕೆಡವಿದ್ದೂ ಅದೇ ಅಭ್ಯಾಸ. “ಅವ್ವಾ, ಡಾಕ್ಟರ ಕಿವ್ಯಾಗಿನ ನಳಗಿ ಎದಿಗಿ ತಣ್ಣಗ ತಾಕ್ತು ನೋಡು, ನೀರಿಗಿ ಇಳದಂಗ ಆತು. ದಮ್ಮ ಹಿಡದೆ. ಅವರು ಎದ್ದು ಹೋಗೂತನಕಾ ಬಿಡಲಿಲ್ಲ” ಎಂದ.

ಮರುಪರೀಕ್ಷೆ ಕೇಳಲು ನಿಮ್ಮ ಕಚೇರಿಗೆ ಬಂದೆ. ಕಾರಕೂನರು ಕಾಗದ ಓದಿ, “ಬಾಯಿ, ಉಸುರಿಲ್ಲದಾವನ ಅರ್ಜಿ ತಗೊಳಾಕ ಬರೂದಿಲ್ರಿ. ವಾರಸದಾರರು ಕೊಡಬೇಕು” ಎಂದರು.

“ನಾನ ವಾರಸದಾರಳು. ತಗೋರಿ.”

“ಹಂಗಾರ ಮದಲ ಅಂವ ಸತ್ತದ್ದರ ದಾಖಲಿ ತರ್ರಿ.”

ಪಕ್ಕದಲ್ಲೇ ನಿಂತಿದ್ದ ಕಾಮಣ್ಣ ಆ ಹೊತ್ತಿಗೆ ಸೀನಿದ. ಅದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇತ್ತ ನಮ್ಮ ಓಣಿಯ ಸಿದ್ದಣ್ಣನಿಗೆ ಸರ್ಟಿಫಿಕೇಟು ಸಿಕ್ಕಿತು. ಅವನ ಎತ್ತರ, ತೂಕ, ಹಲ್ಲು ಎಲ್ಲವೂ ಸರಿ. ಈಜು ಮಾತ್ರ ಬರದು. ಅದನ್ನು ನಿಮ್ಮ ಫಾರ್ಮು ಕೇಳುವುದಿಲ್ಲ. ಕಳೆದ ಸೋಮವಾರ ತಪಾಸಣೆಗೆ ಬಂದ ನಿಮ್ಮ ಇನ್ಸ್‌ಪೆಕ್ಟರರನ್ನು ನಿಯಮದಂತೆ ಸರ್ಟಿಫಿಕೇಟುಳ್ಳ ಅವನೇ ಹರಗೋಲಿನಲ್ಲಿ ಕೂರಿಸಿಕೊಂಡು ಹೊರಟ. ನಡುನೀರಿನಲ್ಲಿ ಸಾಹೇಬರು ಹೆಸರು ಕೇಳಿದರು. ಮರ್ಯಾದಸ್ಥ ಹುಡುಗ, ಎದ್ದು ನಿಂತು ಸಲಾಮು ಮಾಡಿದ. ಹರಗೋಲು ಮಗುಚಿತು.

ಸಿದ್ದಣ್ಣ ಮಗುಚಿದ ಹರಗೋಲಿಗೆ ಜೋತುಬಿದ್ದ. ಸಾಹೇಬರು ಕಾಣಲಿಲ್ಲ. ದಂಡೆಯಲ್ಲಿದ್ದ ಕಾಮಣ್ಣ ಹಾರಿದ. ಅವನು ಮೇಲೆ ಬರುವವರೆಗೆ ನಾನೂ ಉಸಿರಾಡಲಿಲ್ಲ, ಬೇಕಾದರೆ ಬರೆದುಕೊಳ್ಳಿ. ಬಂದಾಗ ಒಂದು ಕೈಯಲ್ಲಿ ಸಾಹೇಬರ ಕಾಲರು, ಇನ್ನೊಂದು ಮುಷ್ಟಿಯಲ್ಲಿ ರೂಢಿಯಂತೆ ಕೆಸರು. ಸಾಹೇಬರು ನೀರು ಕಾರಿ, ಕಣ್ಣು ತೆರೆದು, ಅವನನ್ನು ಕೇಳಿದ ಮೊದಲ ಮಾತು: “ನಿನ್ನ ಸರ್ಟಿಫಿಕೇಟ ಎಲ್ಲೈತಿ?”

ಈಗ ನೋಟೀಸು ಬಂದಿದೆ. ಸರ್ಟಿಫಿಕೇಟಿಲ್ಲದೆ ನೀರಿಗಿಳಿದ ತಪ್ಪಿಗೆ ಕಾಮಣ್ಣ ಇನ್ನು ಜನ್ಮದಲ್ಲಿ ಕೆರೆಗೆ ಇಳಿಯಕೂಡದಂತೆ. ಓದಿ ನಕ್ಕೆ, ಆಮೇಲೆ ಅತ್ತೆ. ನೀರು ಬಿಟ್ಟರೆ ನನ್ನ ಮಗನಿಗೆ ಬೇರೇನೂ ಗೊತ್ತಿಲ್ಲ, ಮಾನ್ಯರೇ.

ಬರುವ ಸೋಮವಾರ ಇನ್ಸ್‌ಪೆಕ್ಟರು ಮತ್ತೆ ಬರುತ್ತಾರೆ. ಹರಗೋಲು ನಡೆಸುವವನು ಮತ್ತೆ ಸಿದ್ದಣ್ಣನೇ. ಅಷ್ಟರೊಳಗೆ ನನ್ನ ಮಗ ಉಸಿರಾಡುತ್ತಾನೆಂದು ಬರೆದು ಕಳಿಸಿ. ಇಲ್ಲವೇ, ಸಾಹೇಬರು ಮುಳುಗಿದರೆ ಅವನು ಹಾರಬೇಕೋ, ಕೈಕಟ್ಟಿ ನಿಲ್ಲಬೇಕೋ, ಲಿಖಿತ ಅಪ್ಪಣೆ ಕೊಡಿ. ಕಾಮಣ್ಣ ನೂರಿಪ್ಪತ್ತು ಎಣಿಸುವವರೆಗೆ ದಮ್ಮು ಹಿಡಿಯುತ್ತಾನೆ. ಸಾಹೇಬರು ಎಷ್ಟು ಹಿಡಿಯುತ್ತಾರೆಂದು ಅವರನ್ನೇ ಕೇಳಿ, ಟಪಾಲು ಅಷ್ಟರೊಳಗೆ ಮುಟ್ಟುವಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ದಫ್ತರದಲ್ಲಿ ಉಸಿರಿಲ್ಲದವನಿಗೆ ದಿನಾ ಆರು ರೊಟ್ಟಿ ಬಡಿಯುವ ತಾಯಿ,
ಸೋಮವ್ವ
(ಕನ್ನಡ ಸಾಲಿ, ನಾಲ್ಕನೇ ಇಯತ್ತೆ ಪಾಸು)